ಸಿಗ್ನಲ್‌ನಲ್ಲಿ ನಿಂತ ಬೈಕಿಗೆ ಹಿಂದಿನಿಂದ ಗುದ್ದಿದರೆ: ಪುಣೆಯ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಿಂದ ಪುಣೆಗೆ ಬಂದು 18 ವರ್ಷ ಆಯಿತು. ಅಷ್ಟರಲ್ಲಿ ಎರಡು ಬೈಕು, ಒಂದು ಸ್ಕೂಟರ್ ಸವೆಸಿದ್ದೇನೆ. ಭಾನುವಾರ ಬೆಳಿಗ್ಗೆ ಚಾಂದನಿ ಚೌಕದ ಹತ್ತಿರ ಸೇರಿ, ಮುಳಶಿ ಕಡೆ ಹೋಗಿ, ಮಿಸಳ್ ತಿಂದು ವಾಪಸ್ ಬರುವ ನಮ್ಮದೊಂದು ಕನ್ನಡದ ಗುಂಪಿದೆ. ಹಿಂಜವಡಿಗೆ ಹೊಸದಾಗಿ ಕೆಲಸಕ್ಕೆ ಬಂದವರು, ವಿಜಯಪುರ, ಕಲಬುರಗಿ ಕಡೆಯಿಂದ ಬಂದು ಇಲ್ಲೇ ಮನೆ ಮಾಡಿದವರು, ಎಲ್ಲರೂ ಇದ್ದಾರೆ. ನನಗೆ ಒಮ್ಮೆ ಹಿಂದಿನಿಂದ ಗುದ್ದಿಸಿಕೊಂಡ ಅನುಭವ ಇರುವುದರಿಂದ ಈ ವಿಷಯ ಬಂದಾಗ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ.

## ಮೊದಲು ಕೇಳುವವು

ನಿಂತ ಗಾಡಿಗೆ ಯಾರಣ್ಣಾ ಬಂದು ಗುದ್ದುತ್ತಾರೆ? ಸುಮ್ನೆ ಹೆದರಿಸ್ತೀರಾ?

2017ರ ಜೂನ್. ಸಂಜೆ ಏಳು ಗಂಟೆ, ಜಿಟಿಜಿಟಿ ಮಳೆ. ಸಿಂಹಗಡ ರಸ್ತೆಯ ಒಂದು ಸಿಗ್ನಲ್‌ನಲ್ಲಿ ಕೆಂಪು ಬಿದ್ದಿತ್ತು. ಸಾಲಿನಲ್ಲಿ ನಾನೇ ಕೊನೆ. ನ್ಯೂಟ್ರಲ್‌ಗೆ ಹಾಕಿ, ಎರಡೂ ಕಾಲು ನೆಲಕ್ಕೂರಿ, ಪಕ್ಕದ ವಡಾಪಾವ್ ಗಾಡಿಯ ಎಣ್ಣೆಬಾಣಲೆ ನೋಡುತ್ತಿದ್ದೆ. ಹಿಂದಿನಿಂದ ಒಂದು ಟೆಂಪೋ ಬಂದು ಗುದ್ದಿತು. ಬೈಕು ಮುಂದಿನ ಕಾರಿಗೆ ಬಡಿದು ನಿಂತಿತು, ನಾನು ನಿಲ್ಲಲಿಲ್ಲ. ಕಾರಿನ ಡಿಕ್ಕಿಯ ಮೇಲೆ ಹೋಗಿ ಬಿದ್ದೆ. ಕಾಲರ್ ಬೋನ್ ಮುರಿದು ಆರು ವಾರ ಕೈ ಜೋಳಿಗೆಯಲ್ಲಿತ್ತು. ಟೆಂಪೋದವನು ಇಳಿದು ಹೇಳಿದ ಮೊದಲ ಮಾತು "ದಿಸಲಾಚ್ ನಾಹೀ". ಕಾಣಲೇ ಇಲ್ಲ ಅಂತ. ಅವನು ಸುಳ್ಳು ಹೇಳಲಿಲ್ಲ ಅಂತ ನನಗೆ ಈಗ ಗೊತ್ತು.

ನನ್ನ ಕಥೆ ಬಿಡಿ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಲ್ಲಿ 2022ರಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳಾದವು, 1,68,491 ಜನ ಸತ್ತರು. ಸತ್ತವರಲ್ಲಿ ಶೇಕಡಾ 44.5ರಷ್ಟು ದ್ವಿಚಕ್ರದವರು. ಡಿಕ್ಕಿಯ ಬಗೆ ನೋಡಿದರೆ ಹಿಂದಿನಿಂದ ಗುದ್ದಿದ್ದೇ ಎಲ್ಲಕ್ಕಿಂತ ದೊಡ್ಡ ಪಾಲು, ಹೆಚ್ಚುಕಡಿಮೆ ಐದರಲ್ಲಿ ಒಂದು. ಇದರಲ್ಲಿ ಚಲಿಸುತ್ತಿದ್ದ ಗಾಡಿಗಳೂ ಸೇರಿವೆ, ಕಾರು ಲಾರಿಗಳೂ ಸೇರಿವೆ. ಹಾಗಾಗಿ ಇಷ್ಟೂ ಸಿಗ್ನಲ್‌ನಲ್ಲಿ ನಿಂತ ಬೈಕಿನವರ ಲೆಕ್ಕ ಅಂತ ತಿಳಿಯಬೇಡಿ.

ಅಷ್ಟು ದೊಡ್ಡ ಬೈಕು, ಮೇಲೆ ಅಷ್ಟು ದಪ್ಪ ನಾನು. ಕಾಣ್ಸಲ್ಲ ಅಂದ್ರೆ ಏನರ್ಥ?

ಹಿಂದಿನಿಂದ ನೋಡಿದರೆ ಬೈಕು ಮನೆಯ ಬಾಗಿಲಿನಷ್ಟೂ ಅಗಲ ಇಲ್ಲ. ಇನ್ನೊಂದು ಮಾತು ಕಣ್ಣಿಗೆ ಸಂಬಂಧಿಸಿದ್ದು. ಅಡ್ಡ ಹಾಯುವ ವಸ್ತು ಜಾಗ ಬದಲಿಸುತ್ತದೆ, ಆದ್ದರಿಂದ ತಟ್ಟನೆ ಕಾಣುತ್ತದೆ. ನೇರ ಎದುರಿಗೆ ನಿಂತದ್ದು ಜಾಗ ಬದಲಿಸುವುದಿಲ್ಲ. ಹತ್ತಿರ ಹೋದಂತೆ ಬರೀ ದೊಡ್ಡದಾಗುತ್ತದೆ. ಸಣ್ಣ ವಸ್ತುವಾದರೆ ಆ ದೊಡ್ಡದಾಗುವುದು ಕೊನೆಯ ಒಂದೆರಡು ಸೆಕೆಂಡಿನಲ್ಲೇ ಗಮನಕ್ಕೆ ಬರುವುದು.

ರಾತ್ರಿ ಇನ್ನೂ ಕಷ್ಟ. ನಿಮ್ಮದು ಒಂದೇ ಕೆಂಪು ದೀಪ. ಮುಂದೆ ನಿಂತ ಕಾರಿನದು ಎರಡು ದೊಡ್ಡ ದೀಪ. ಹಿಂದಿನವನ ಕಣ್ಣು ಕಾರಿನ ದೀಪ ಹಿಡಿದು ದೂರ ಅಳೆಯುತ್ತದೆ, ನಡುವೆ ಇರುವ ನೀವು ಅದರಲ್ಲೇ ಕಲೆತು ಹೋಗುತ್ತೀರಿ. ಜೊತೆಗೆ ಸಿಗ್ನಲ್‌ನ ಸೆಕೆಂಡು ಎಣಿಸುವ ಗಡಿಯಾರ ಇದೆಯಲ್ಲ, ಎಲ್ಲರೂ ನೋಡುವುದು ಅದನ್ನು. ನೋಟ ನಿಮ್ಮ ತಲೆಯ ಮೇಲಿಂದ ಹಾದು ಹೋಗುತ್ತದೆ. ಫೋನಿನ ಮಾತಂತೂ ಬೇಡವೇ ಬೇಡ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡು ಕಣ್ಣು ಕೆಳಗಿಟ್ಟರೆ ಗಾಡಿ 22 ಮೀಟರ್ ಹೋಗಿರುತ್ತದೆ.

ಹಳದಿ ಬಿತ್ತು ಅಂತ ನಿಲ್ಲಿಸಿದೆ. ಹಿಂದಿನವನು ಬಯ್ದು ಹೋದ. ನಿಲ್ಲಿಸಿದ್ದು ತಪ್ಪಾ?

ತಪ್ಪಲ್ಲ. 2017ರ ವಾಹನ ಚಾಲನೆ ನಿಯಮಗಳ ಪ್ರಕಾರ ಹಳದಿ ಎಂದರೆ ನಿಲ್ಲಬೇಕು. ಸುರಕ್ಷಿತವಾಗಿ ನಿಲ್ಲಿಸಲಾಗದಷ್ಟು ಹತ್ತಿರ ಬಂದಿದ್ದರೆ ಮಾತ್ರ ದಾಟಬೇಕು. ಆದರೆ ನಮ್ಮೂರಿನ ರೂಢಿ ಬೇರೆ. ಹಳದಿ ಕಂಡರೆ ಹಿಂದಿನವನು ಎರಡು ಲೆಕ್ಕ ಹಾಕುತ್ತಾನೆ: ನೀವು ದಾಟುತ್ತೀರಿ, ನಿಮ್ಮ ಬೆನ್ನಿಗೆ ಅವನೂ ದಾಟುತ್ತಾನೆ. ನೀವು ಬ್ರೇಕ್ ಹಿಡಿದರೆ ಅವನ ಎರಡೂ ಲೆಕ್ಕ ತಪ್ಪುತ್ತವೆ.

ಅದಕ್ಕೆ ಹಸಿರು ಇದ್ದಾಗಲೇ ಕನ್ನಡಿ ನೋಡಿಕೊಳ್ಳಿ. ಬೆನ್ನಿಗೆ ಅಂಟಿಕೊಂಡು ಬಸ್ಸೋ ಟ್ಯಾಂಕರೋ ಬರುತ್ತಿದ್ದರೆ, ಗಡಿಯಾರ ಐದಾರು ಸೆಕೆಂಡಿಗೆ ಇಳಿದಾಗಲೇ ಎರಡು ಮೂರು ಸಲ ಬ್ರೇಕ್ ಮೆಲ್ಲಗೆ ಒತ್ತಿ ದೀಪ ಮಿನುಗಿಸಿ, ವೇಗ ಇಳಿಸಿ. ಬೇಗ ಹೇಳಿದರೆ ಅವನಿಗೂ ಬ್ರೇಕ್ ಹಿಡಿಯಲು ಜಾಗ ಸಿಗುತ್ತದೆ. ಬರೀ ಗೇರ್ ಇಳಿಸಿ ವೇಗ ಕಡಿಮೆ ಮಾಡುವವರಿಗೆ ಒಂದು ಮಾತು: ಎಂಜಿನ್ನಿನ ತಡೆಗೆ ಹಿಂದಿನ ದೀಪ ಹತ್ತುವುದಿಲ್ಲ.

## ನಿಂತ ಮೇಲೆ

ನ್ಯೂಟ್ರಲ್ಲಾ, ಫಸ್ಟ್ ಗೇರಾ? ಒಬ್ಬೊಬ್ಬರು ಒಂದೊಂದು ಹೇಳ್ತಾರೆ.

ಹಿಂದೆ ಒಂದೆರಡು ಗಾಡಿ ಬಂದು ಪೂರ್ತಿ ನಿಲ್ಲುವ ತನಕ ಫಸ್ಟ್ ಗೇರ್, ಕ್ಲಚ್ ಹಿಡಿದು. ಬಲಗಾಲು ಬ್ರೇಕ್ ಪೆಡಲ್ ಮೇಲೆ, ಎಡಗಾಲು ನೆಲಕ್ಕೆ. ಹಿಂದೆ ಗಾಡಿ ನಿಂತ ಮೇಲೆ ಬೇಕಾದರೆ ನ್ಯೂಟ್ರಲ್ ಮಾಡಿ, ಕೈಗೆ ವಿಶ್ರಾಂತಿ ಕೊಡಿ. ಕೊನೆಯಲ್ಲಿ ನಿಂತವನಿಗೇ ಅಪಾಯ ಜಾಸ್ತಿ. ಹಿಂದೆ ಒಂದು ಕಾರು ನಿಂತರೆ ಮುಂದಿನ ಪೆಟ್ಟು ಮೊದಲು ಬೀಳುವುದು ಅದಕ್ಕೆ.

ಇದಕ್ಕೆ ಒಂದು ಆಕ್ಷೇಪ ಇದೆ. ಗೇರಿನಲ್ಲಿದ್ದಾಗ ಗುದ್ದಿದರೆ ಕೈ ಕ್ಲಚ್ ಬಿಡುತ್ತದೆ, ಗಾಡಿ ಜಿಗಿಯುತ್ತದೆ ಅಂತ. ನಿಜ. ಆದರೆ ಅಂಥ ಪೆಟ್ಟಿಗೆ ನ್ಯೂಟ್ರಲ್ ಗಾಡಿಯೂ ಜಿಗಿಯುತ್ತದೆ, ನನ್ನದು ಜಿಗಿಯಿತಲ್ಲ. ತಪ್ಪಿಸಿಕೊಳ್ಳಲು ಎರಡು ಸೆಕೆಂಡು ಸಿಕ್ಕಾಗ ಗೇರ್ ಹುಡುಕುತ್ತಾ ಕೂರುವುದಕ್ಕಿಂತ ಇದೇ ವಾಸಿ ಅಂತ ನನ್ನ ಅಭಿಪ್ರಾಯ.

ನಮ್ಮದು ಸ್ಕೂಟರ್. ಗೇರೇ ಇಲ್ಲ, ನಾವೇನು ಮಾಡೋದು?

ನಿಮಗೆ ಸುಲಭ, ಎಡಗೈಯ ಬ್ರೇಕ್ ಹಿಡಿದಿರಿ, ದೀಪ ಹತ್ತಿರುತ್ತದೆ, ಬಲಗೈ ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಹೊರಡುತ್ತದೆ. ಬ್ರೇಕ್ ಬಿಟ್ಟು ಎರಡೂ ಕಾಲೂರಿ ನಿಂತರೆ ಹಿಂದಿನ ದೀಪ ಬರೀ ಮಂದವಾಗಿ ಉರಿಯುತ್ತದೆ. ಸ್ಕೂಟರಿನವರು ಹೆಚ್ಚಾಗಿ ಮಾಡುವುದು ಇದನ್ನೇ.

ಲೇನಿನಲ್ಲಿ ಎಲ್ಲಿ ನಿಲ್ಲಬೇಕು? ನಡುವೆ ನಿಂತ್ರೆ ಸೇಫ್ ಅಲ್ವಾ?

ಮುಂದಿನ ಕಾರಿನ ಸರಿಯಾಗಿ ಹಿಂದೆ, ನಡುಮಧ್ಯೆ, ಚಕ್ರಕ್ಕೆ ಚಕ್ರ ತಾಗುವಂತೆ ನಿಲ್ಲುವುದು ಎಲ್ಲಕ್ಕಿಂತ ಕೆಟ್ಟದ್ದು. ಹಿಂದಿನಿಂದ ಬಂದವನಿಗೂ ಮುಂದಿನ ಕಾರಿಗೂ ನಡುವೆ ನೀವು ಅಡಕೆಯ ಹಾಗೆ.

ಕಾರಿನ ಹಿಂದೆ ಒಂದು ಮೂಲೆಗೆ ಸರಿದು, ಒಂದು ಬೈಕಿನ ಉದ್ದದಷ್ಟು ಜಾಗ ಬಿಟ್ಟು ನಿಲ್ಲಿ. ಮುಂದಿನ ಕಾರಿನ ಹಿಂದಿನ ಟಯರ್ ನೆಲಕ್ಕೆ ತಾಗುವ ಜಾಗ ನಿಮಗೆ ಕಾಣುತ್ತಿರಬೇಕು. ಹ್ಯಾಂಡಲ್ ಸ್ವಲ್ಪ ಖಾಲಿ ಕಡೆಗೆ ತಿರುಗಿರಲಿ. ಖಾಲಿ ಕಡೆ ಯಾವುದು ಅನ್ನುವುದನ್ನು ನಿಲ್ಲುವ ಮೊದಲೇ ನೋಡಿಟ್ಟುಕೊಳ್ಳಬೇಕು: ಎರಡು ಕಾರುಗಳ ನಡುವಿನ ಸಂದಿಯೋ, ಎಡಗಡೆಯ ಫುಟ್‌ಪಾತ್ ಅಂಚೋ. ಡಿವೈಡರ್ ಪಕ್ಕಕ್ಕೆ ಒತ್ತಿ ನಿಂತರೆ ಒಂದು ಕಡೆಯ ದಾರಿ ಮುಚ್ಚಿದ ಹಾಗೆ.

ಗ್ಯಾಪ್ ಬಿಟ್ರೆ ರಿಕ್ಷಾದವನು ಬಂದು ತೂರ್ತಾನೆ!

ತೂರುತ್ತಾನೆ. ತೂರಲಿ. ಕಾಲಿನಿಂದ ಒಂದಡಿ ಹಿಂದಕ್ಕೆ ತಳ್ಳಿಕೊಳ್ಳಿ, ಅಷ್ಟೇ. ಮೊದಲ ಹತ್ತು ಸೆಕೆಂಡು ಸಿಕ್ಕರೂ ಆ ಜಾಗ ತನ್ನ ಕೆಲಸ ಮಾಡಿರುತ್ತದೆ.

ಕನ್ನಡಿ ನೋಡ್ತಾ ಕೂತ್ರೆ, ಬರ್ತಿರೋನು ನಿಲ್ಲಲ್ಲ ಅಂತ ಗೊತ್ತಾಗೋದು ಹೇಗೆ?

ಇದು ಒಳ್ಳೆಯ ಪ್ರಶ್ನೆ. ಕೇಳಿದ್ದು ಧಾರವಾಡದ ಒಬ್ಬ ಹುಡುಗಿ, ವಾರಕ್ಕೆ ಆರು ದಿನ ಕೋಥರೂಡ್‌ನಿಂದ ಬಾಣೇರಿಗೆ ಓಡಿಸುತ್ತಾಳೆ.

ಬ್ರೇಕ್ ಹಿಡಿದ ಗಾಡಿಯ ಮೂತಿ ಕೆಳಗೆ ಬಗ್ಗುತ್ತದೆ. ಹಗಲಲ್ಲಿ ಬಾನೆಟ್ ಬಗ್ಗುವುದು ಕಾಣುತ್ತದೆ. ರಾತ್ರಿ ಹೆಡ್‌ಲೈಟಿನ ಬೆಳಕು ಕನ್ನಡಿಯಲ್ಲಿ ಒಮ್ಮೆ ಕೆಳಗಿಳಿದ ಹಾಗೆ ಕಾಣುತ್ತದೆ. ಬಗ್ಗಿದರೆ ನೆಮ್ಮದಿ. ಬಗ್ಗದೆ, ಬೆಳಕು ಒಂದೇ ಸಮ ದೊಡ್ಡದಾಗುತ್ತಾ ಬಂದರೆ ಅವನು ನಿಮ್ಮನ್ನು ನೋಡಿಲ್ಲ. ಆಗ ಬ್ರೇಕ್ ದೀಪ ಪಟಪಟ ಮಿನುಗಿಸಿ. ಅದಕ್ಕೂ ಬಗ್ಗದಿದ್ದರೆ ಹೊರಡಿ. ಕಾರುಗಳ ನಡುವಿನ ಸಂದಿಗೆ ನುಗ್ಗಿ, ಮುಂದೆ ಹೋಗಿ ನಿಲ್ಲಿ. ಯಾರಾದರೂ ಬಯ್ಯುತ್ತಾರೆ, ಬಯ್ಯಲಿ.

ಲೆಕ್ಕ ಹೀಗಿದೆ. 60ರ ವೇಗ ಎಂದರೆ ಸೆಕೆಂಡಿಗೆ ಸುಮಾರು 17 ಮೀಟರ್. 50 ಮೀಟರ್ ಹಿಂದೆ ಕಂಡ ಗಾಡಿ ನಿಮ್ಮನ್ನು ಮುಟ್ಟಲು ಮೂರು ಸೆಕೆಂಡು. ಅದು ಒಣ ರಸ್ತೆಯಲ್ಲಿ ಜೋರಾಗಿ ಬ್ರೇಕ್ ಹಿಡಿದರೂ ನಿಲ್ಲಲು 20 ಮೀಟರ್ ಬೇಕು, ಚಾಲಕ ಎಚ್ಚೆತ್ತು ಕಾಲು ಒತ್ತುವಷ್ಟರಲ್ಲಿ ಇನ್ನೊಂದು 25 ಮೀಟರ್ ಹೋಗಿರುತ್ತದೆ. ಅಂದರೆ 50 ಮೀಟರಿನಲ್ಲಿ ಇನ್ನೂ ಬಗ್ಗದ ಮೂತಿ ನಿಲ್ಲುವುದು ಅನುಮಾನವೇ.

ಎಲ್ಲಾ ಸಿಗ್ನಲ್‌ನಲ್ಲೂ ಇಷ್ಟು ಕಸರತ್ತು ಬೇಡ. ಹಿಂದೆ ಗಾಡಿ ನಿಂತಿತು ಅಂದರೆ ಕೆಲಸ ಮುಗಿಯಿತು, ಆಮೇಲೆ ವಡಾಪಾವ್ ನೋಡಬಹುದು. ನಾನು ಅವತ್ತು ನೋಡಿದ್ದು ಅದಕ್ಕೆ ಮೊದಲು.

ಡಂಪರ್ ಮುಂದೆ ಹೋಗಿ ನಿಲ್ತೀನಿ. ಅವನು ಆಗಲೇ ನಿಂತಿದಾನಲ್ಲ, ಇನ್ನೇನು ಭಯ?

ಇದೊಂದನ್ನು ದಯವಿಟ್ಟು ಬಿಟ್ಟುಬಿಡಿ.

ಡಂಪರ್, ಮಿಕ್ಸರ್, ನೀರಿನ ಟ್ಯಾಂಕರ್: ಇವುಗಳ ಚಾಲಕ ನೆಲದಿಂದ ಎರಡು ಮೀಟರಿಗೂ ಮೇಲೆ ಕೂತಿರುತ್ತಾನೆ. ಅವನ ಗಾಜಿನ ಕೆಳಗಿನ ಅಂಚು ನಿಮ್ಮ ಹೆಲ್ಮೆಟ್‌ಗಿಂತ ಎತ್ತರ. ಮೂತಿಗೆ ತಾಗಿದ ಹಾಗೆ ಬೈಕು ನಿಲ್ಲಿಸಿದರೆ ಅವನ ಪಾಲಿಗೆ ಅಲ್ಲಿ ರಸ್ತೆ ಖಾಲಿ. ಅವನು ನಿಂತಾಗ ನೀವು ಅಲ್ಲಿರಲಿಲ್ಲ, ಸಂದಿಯಿಂದ ತೂರಿ ಆಮೇಲೆ ಬಂದಿರಿ. ಹಸಿರು ಬೀಳುತ್ತದೆ, ಅವನು ಕ್ಲಚ್ ಬಿಡುತ್ತಾನೆ, ನಿಮ್ಮ ಬೈಕು ಆ ಹೊತ್ತಿಗೇ ಆಫ್ ಆಗುತ್ತದೆ. ನಡೆಯುವ ವೇಗವೂ ಬೇಡ, ಆ ಚಕ್ರಕ್ಕೆ ನಿಧಾನವೇ ಸಾಕು.

ದೊಡ್ಡ ಗಾಡಿಯ ಮುಂದೆ ನಿಲ್ಲಲೇಬೇಕಾದರೆ ತಿರುಗಿ ನೋಡಿ ಚಾಲಕನ ಮುಖ ಕಾಣುವಷ್ಟು ದೂರ ಹೋಗಿ ನಿಲ್ಲಿ. ಅವನ ಮುಖ ನಿಮಗೆ ಕಾಣದಿದ್ದರೆ ನೀವು ಅವನಿಗೆ ಕಾಣುವುದಿಲ್ಲ. ಎಡಪಕ್ಕ ಅದಕ್ಕಿಂತ ಕೆಟ್ಟದ್ದು. ಬಸ್ಸು ಎಡಕ್ಕೆ ತಿರುಗಿದಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತದೆ. ಹಿಂದಿನ ಗುದ್ದಿನಿಂದ ತಪ್ಪಿಸಿಕೊಳ್ಳಲು ಹೋಗಿ ಅಲ್ಲಿ ಸಿಕ್ಕಿಕೊಳ್ಳಬೇಡಿ.

## ಗಾಡಿ, ಬ್ಯಾಗು, ಹಿಂದೆ ಕೂತವರು

ಹಿಂದಿನ ದೀಪ ಸರಿಯಾಗೇ ಇದೆ. ಇನ್ನೇನು ನೋಡಬೇಕು?

ಬೆಳಿಗ್ಗೆ ಪಾರ್ಕಿಂಗಿನಲ್ಲಿ ಗೋಡೆಗೆ ಬೆನ್ನು ಮಾಡಿ ಗಾಡಿ ನಿಲ್ಲಿಸಿ, ಕೈ ಬ್ರೇಕ್ ಒಮ್ಮೆ, ಕಾಲಿನ ಬ್ರೇಕ್ ಒಮ್ಮೆ ಒತ್ತಿ. ಗೋಡೆ ಎರಡು ಸಲವೂ ಕೆಂಪಾಗಬೇಕು. ಕೈ ಬ್ರೇಕಿನ ಸ್ವಿಚ್ ಕೆಟ್ಟು ವರ್ಷವಾದರೂ ಗೊತ್ತಿಲ್ಲದವರನ್ನು ನಾನು ಕಂಡಿದ್ದೇನೆ.

ಮಳೆಗಾಲದಲ್ಲಿ ದೀಪ ಮುಚ್ಚುವುದು ಕೆಸರಿಗಿಂತ ಹೆಚ್ಚಾಗಿ ನಮ್ಮದೇ ರೇನ್‌ಕೋಟು. ಉದ್ದದ ಕೋಟಿನ ತುದಿ ಸೀಟಿನ ಹಿಂದೆ ಇಳಿಬಿದ್ದು ದೀಪದ ಮೇಲೆ ಪರದೆ ಹಾಕುತ್ತದೆ. ಪ್ಯಾಂಟು-ಜಾಕೆಟ್ ಬಗೆಯದ್ದು ತಗೊಳ್ಳಿ, ಕಪ್ಪು ಬೇಡ. ಲ್ಯಾಪ್‌ಟಾಪ್ ಬ್ಯಾಗಿನ ಮಳೆಕವಚ ಹಸಿರು ಮಿಶ್ರಿತ ಹಳದಿ ಇದ್ದರೆ ಬೆನ್ನೇ ಒಂದು ಬೋರ್ಡು. ಹೆಲ್ಮೆಟ್ ಹಿಂದೆ, ಮಡ್‌ಗಾರ್ಡ್ ಮೇಲೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ. ಬಿಳಿ ಬೇಡ, ಬಿಳಿ ಮುಂಭಾಗದ ಬಣ್ಣ.

ಹೊಸ ಬೈಕು ಕೊಂಡ ಕೂಡಲೇ ಹಿಂದಿನ ಮಡ್‌ಗಾರ್ಡ್ ಕತ್ತರಿಸಿ, ರಿಫ್ಲೆಕ್ಟರ್ ತೆಗೆದು, ದೀಪಕ್ಕೆ ಕಪ್ಪು ಫಿಲ್ಮ್ ಹಾಕಿಸುವ ಹುಡುಗರಿಗೆ ನಾನು ಹೇಳುವುದನ್ನು ಬಿಟ್ಟಿದ್ದೇನೆ. ಅವರ ಅಮ್ಮಂದಿರಿಗೆ ಹೇಳುತ್ತೇನೆ.

ಹಜಾರ್ಡ್ ಲೈಟ್ ಹಾಕ್ಕೊಂಡು ನಿಂತ್ರೆ ಒಳ್ಳೇದಲ್ವಾ?

ಹೈವೇಯಲ್ಲಿ ಕೆಟ್ಟು ನಿಂತಾಗ, ಇದ್ದಕ್ಕಿದ್ದಂತೆ ಸಾಲು ನಿಂತಾಗ ಹೌದು. ಊರೊಳಗಿನ ಸಿಗ್ನಲ್‌ನಲ್ಲಿ ಬೇಡ. ನಮ್ಮಲ್ಲಿ ಚೌಕದಲ್ಲಿ ಹಜಾರ್ಡ್ ಹಾಕಿದರೆ "ನೇರ ಹೋಗ್ತೀನಿ" ಅಂತ ಅರ್ಥ ಮಾಡಿಕೊಂಡವರು ಬಹಳ. ಆ ಅರ್ಥ ಯಾರು ಹುಟ್ಟಿಸಿದರೋ!

ಸಿಗ್ನಲ್ 120 ಸೆಕೆಂಡ್ ಇದೆ. ಎಂಜಿನ್ ಆಫ್ ಮಾಡ್ಲಾ?

ಹಿಂದೆ ಗಾಡಿಗಳು ನಿಂತ ಮೇಲೆ ಮಾಡಿ, ಪೆಟ್ರೋಲ್ ಉಳಿಯುತ್ತದೆ. ಆದರೆ ಕೀಲಿ ತಿರುಗಿಸಬೇಡಿ, ಹ್ಯಾಂಡಲ್ ಮೇಲಿನ ಎಂಜಿನ್ ನಿಲ್ಲಿಸುವ ಕೆಂಪು ಸ್ವಿಚ್‌ನಿಂದ ಮಾಡಿ. ಕೀಲಿ ಆಫ್ ಆದರೆ ಹಿಂದಿನ ದೀಪವೂ ಸತ್ತಿತು. ಹಳೆಯ ಬೈಕುಗಳಲ್ಲಿ ಎಂಜಿನ್ ನಿಂತರೆ ಹೆಡ್‌ಲೈಟ್, ಟೇಲ್‌ಲೈಟ್ ಎರಡೂ ಆರುತ್ತವೆ, ಬ್ರೇಕ್ ದೀಪ ಮಾತ್ರ ಬ್ಯಾಟರಿಯಿಂದ ಉರಿಯುತ್ತದೆ. ಅಂಥ ಬೈಕಿನವರು ರಾತ್ರಿ ಬ್ರೇಕ್ ಒತ್ತಿಕೊಂಡೇ ಇರಿ.

ನಮ್ಮನೆಯವರು ಸೀರೆಯಲ್ಲಿ ಒಂದೇ ಕಡೆ ಕಾಲು ಹಾಕಿ ಕೂರ್ತಾರೆ, ಮಗು ಮುಂದೆ ನಿಂತಿರುತ್ತೆ. ಗುದ್ದಿದ್ರೆ ಏನಾಗುತ್ತೆ ಸರ್?

ಗುದ್ದಿದ ಕ್ಷಣ ಗಾಡಿ ಮುಂದಕ್ಕೆ ಚಿಮ್ಮುತ್ತದೆ, ಮೈ ಹಿಂದೆ ಉಳಿಯುತ್ತದೆ. ತಲೆ ಹಿಂದಕ್ಕೆ ಒದರುತ್ತದೆ. ಹಿಂದೆ ಕೂತವರು ಗುದ್ದಿದ ಗಾಡಿಯ ಬಾನೆಟ್ ಮೇಲೋ ರಸ್ತೆಯ ಮೇಲೋ ಬೀಳುತ್ತಾರೆ. ಒಂದೇ ಕಡೆ ಕೂತವರಿಗೆ ಹಿಡಿತ ಅರ್ಧ. ಮುಂದೆ ನಿಂತ ಮಗು, ಗಾಡಿ ಮುಂದಿನದಕ್ಕೆ ಬಡಿದಾಗ ನಿಮ್ಮ ಎದೆಗೂ ಹ್ಯಾಂಡಲ್‌ಗೂ ನಡುವೆ ಸಿಗುತ್ತದೆ. ಇನ್ನು ಮುಂದೆ ಬರೆಯಲು ಮನಸ್ಸಿಲ್ಲ.

ಎರಡೂ ಕಡೆ ಕಾಲು ಹಾಕಿ ಕೂರುವುದು, ಇಬ್ಬರಿಗೂ ಹೆಲ್ಮೆಟ್. ನಾಲ್ಕು ವರ್ಷದೊಳಗಿನ ಮಗುವಿಗೆ ದೊಡ್ಡವರ ಮೈಗೆ ಕಟ್ಟುವ ಪಟ್ಟಿ, ಹೆಲ್ಮೆಟ್, 40ಕ್ಕಿಂತ ಜಾಸ್ತಿ ಇಲ್ಲದ ವೇಗ: ಇದು 2023ರ ಫೆಬ್ರವರಿಯಿಂದ ಜಾರಿಯಲ್ಲಿರುವ ನಿಯಮ. ಹಿಂದೆ ಹೆಂಡತಿ ಮಕ್ಕಳಿದ್ದಾಗ ನಾನು ಸಾಲಿನ ಕೊನೆಯಲ್ಲಿ ನಿಲ್ಲುವುದೇ ಇಲ್ಲ. ಎರಡು ಕಾರುಗಳ ನಡುವಿನ ಸಂದಿಗೆ ಹೋಗಿ ನಿಲ್ಲುತ್ತೇನೆ.

ನಿಂತಾಗ ಹೆಲ್ಮೆಟ್ ತೆಗೆದು ಗಾಳಿ ತಗೊಳ್ತೀನಿ. ಅಷ್ಟಕ್ಕೇನಾಗುತ್ತೆ?

30ರ ವೇಗದಲ್ಲಿ ಬಂದು ಗುದ್ದುವುದೂ ಮೂರೂವರೆ ಮೀಟರ್ ಎತ್ತರದಿಂದ ಬೀಳುವುದೂ ವೇಗದಲ್ಲಿ ಒಂದೇ. ಮೊದಲ ಮಹಡಿಯ ಬಾಲ್ಕನಿ ಅಂತ ಇಟ್ಟುಕೊಳ್ಳಿ. ಪುಣೆಯಲ್ಲಿ "ಹೆಲ್ಮೆಟ್ ಸಕ್ತಿ"ಗೆ, ಅಂದರೆ ಹೆಲ್ಮೆಟ್ ಕಡ್ಡಾಯಕ್ಕೆ, ವಿರೋಧದ ದೊಡ್ಡ ಇತಿಹಾಸವೇ ಇದೆ, 2019ರ ಜನವರಿಯಲ್ಲಿ ಪೊಲೀಸರು ಬಿಗಿ ಮಾಡಿದಾಗ ಊರೆಲ್ಲಾ ಇದೇ ಮಾತು. "ಊರೊಳಗೆ ಯಾಕೆ, ನಿಧಾನ ತಾನೇ ಹೋಗೋದು" ಅನ್ನುವ ವಾದದಲ್ಲಿ ನಮ್ಮ ವೇಗ ಮಾತ್ರ ಲೆಕ್ಕಕ್ಕಿದೆ. ಹಿಂದಿನಿಂದ ಬರುವವನ ವೇಗ ಇಲ್ಲ. ಐಎಸ್‌ಐ ಗುರುತಿನದ್ದು ಹಾಕಿ, ಗಲ್ಲದ ಪಟ್ಟಿ ಕಟ್ಟಿ.

## ಊರ ಹೊರಗೆ

ನವಲೆ ಬ್ರಿಡ್ಜ್ ಹತ್ತಿರ ಟ್ರಾಫಿಕ್ ನಿಂತ್ರೆ ಕೈ ನಡುಗುತ್ತೆ. ಏನು ಮಾಡ್ಲಿ?

ನಡುಗುವುದಕ್ಕೆ ಕಾರಣ ಇದೆ. ಕಾತ್ರಜ್ ಹೊಸ ಸುರಂಗದಿಂದ ನವಲೆ ಬ್ರಿಡ್ಜ್ ತನಕ ಎನ್‌ಎಚ್ 48, ಅಂದರೆ ಬೆಂಗಳೂರು-ಪುಣೆ ಹೆದ್ದಾರಿ, ಉದ್ದಕ್ಕೂ ಇಳಿಜಾರು. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡಿ ಲಾರಿ ಇಳಿಸುತ್ತಾರೆ. ಎಂಜಿನ್ನಿನ ತಡೆ ಹೋಗುತ್ತದೆ, ಇಡೀ ಭಾರ ಬ್ರೇಕಿನ ಮೇಲೆ, ಬ್ರೇಕು ಕಾದು ಹಿಡಿಯುವುದನ್ನು ನಿಲ್ಲಿಸುತ್ತದೆ. 2022ರ ನವೆಂಬರ್ 20ರಂದು ಅಲ್ಲಿ ಒಂದೇ ಅಪಘಾತದಲ್ಲಿ 40ಕ್ಕೂ ಹೆಚ್ಚು ಗಾಡಿ ಜಖಂ ಆದವು. 2025ರ ನವೆಂಬರ್ 13ರಂದು ಹತೋಟಿ ತಪ್ಪಿದ ಕಂಟೇನರ್ ಲಾರಿ ಮುಂದಿನ ಗಾಡಿಗಳಿಗೆ ಗುದ್ದಿ, ಬೆಂಕಿ ಹತ್ತಿ, ಜೀವಗಳೇ ಹೋದವು.

ಅಂಥ ಇಳಿಜಾರಿನಲ್ಲಿ ಕನ್ನಡಿ, ಬ್ರೇಕ್ ದೀಪ ಎಲ್ಲಾ ಊಟಕ್ಕಿಲ್ಲದ ಉಪ್ಪಿನಕಾಯಿ. ಬ್ರೇಕೇ ಇಲ್ಲದವನಿಗೆ ನೀವು ಕಂಡರೇನು, ಬಿಟ್ಟರೇನು. ಆದ್ದರಿಂದ ಅಲ್ಲಿ ಸಾಲು ನಿಂತದ್ದು ದೂರದಿಂದ ಕಂಡ ಕೂಡಲೇ ಮುಖ್ಯ ರಸ್ತೆಯ ನಡುವಿನಿಂದ ಎಡಕ್ಕೆ ಬನ್ನಿ, ಸರ್ವಿಸ್ ರಸ್ತೆ ಸಿಕ್ಕಲ್ಲಿ ಇಳಿಯಿರಿ. ನಾನು ಆ ಭಾಗಕ್ಕೆ ಸರ್ವಿಸ್ ರಸ್ತೆಯನ್ನೇ ಹಿಡಿಯುತ್ತೇನೆ. ಹತ್ತು ನಿಮಿಷ ತಡ ಆಗುತ್ತದೆ.

ಹಬ್ಬಕ್ಕೆ ಬೈಕಿನಲ್ಲೇ ಹುಬ್ಬಳ್ಳಿಗೆ ಹೋಗ್ತೀವಿ. ದಾರಿಯಲ್ಲಿ ಇಂಥ ಜಾಗ ಎಲ್ಲೆಲ್ಲಿ?

ತಿರುವಿನ ಆಚೆ, ದಿಬ್ಬದ ಆಚೆ, ರಸ್ತೆ ಕೆಲಸದ ಡೈವರ್ಷನ್ ಮುಂದೆ: ಸಾಲಿನ ಬಾಲ ಇರುವುದು ಇಂಥಲ್ಲೇ. ಬರುವಾಗ ಸಾತಾರಾ ದಾಟಿ ಖಂಬಾಟ್ಕಿ ಸುರಂಗದಿಂದ ಹೊರಬಿದ್ದ ಮೇಲೆ ಸಿಗುವ ಇಳಿಜಾರಿನ ಅಂಕುಡೊಂಕು ತಿರುವಿನಲ್ಲಿ ಲಾರಿಗಳ ಜೊತೆ ಸಾಲಾಗಿ ಬರಬೇಡಿ, ಜಾಗ ಬಿಟ್ಟು ಬನ್ನಿ. ಟೋಲ್‌ನಲ್ಲಿ ಬೈಕಿಗೆ ಹಣ ಇಲ್ಲ, ಎಡ ತುದಿಯ ದಾರಿಯಲ್ಲಿ ಹೋಗಿ. ಲಾರಿ ಸಾಲಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುವವರನ್ನೂ ನೋಡಿದ್ದೇನೆ.

## ಗುದ್ದಿಸಿಕೊಂಡ ಮೇಲೆ

ಬಿದ್ದೆ. ಮೊದಲು ಏನು ಮಾಡಬೇಕು?

ಎದ್ದೇಳುವ ಆತುರ ಬೇಡ. ಕೈ ಕಾಲು ಬೆರಳು ಆಡಿಸಿ ನೋಡಿ. ಕುತ್ತಿಗೆ ನೋವು, ಜೋಮು ಇದ್ದರೆ ಅಲ್ಲಾಡಬೇಡಿ. ಜನ ಪ್ರೀತಿಯಿಂದ ಹೆಲ್ಮೆಟ್ ಕೀಳಲು ಬರುತ್ತಾರೆ, ನೀರು ಕುಡಿಸಲು ಬರುತ್ತಾರೆ. ಎರಡನ್ನೂ ತಡೆಯಿರಿ. ಆಂಬುಲೆನ್ಸ್‌ಗೆ 108, ಪೊಲೀಸರಿಗೆ 112, ಹೈವೇಯಲ್ಲಾದರೆ 1033. ನಿಲ್ಲಲು ಆಗುತ್ತದೆ ಅಂದರೆ ರಸ್ತೆಯಿಂದ ಪಕ್ಕಕ್ಕೆ ಬನ್ನಿ, ಎರಡನೇ ಗಾಡಿ ಬಂದು ಗುದ್ದುವುದು ಹೊಸದೇನಲ್ಲ.

ಗುದ್ದಿದ ಗಾಡಿಯ ನಂಬರ್, ಎರಡೂ ಗಾಡಿ ಇರುವ ಜಾಗದ ಫೋಟೋ, ಸಿಗ್ನಲ್ ಕಾಣುವ ಹಾಗೆ. ಕೈಲಾಗದಿದ್ದರೆ ಪಕ್ಕದವರ ಕೈಗೆ ಫೋನ್ ಕೊಡಿ. ಸಹಾಯ ಮಾಡಿದವರನ್ನು ಸಾಕ್ಷಿ ಹೇಳು ಅಂತ ಪೊಲೀಸರು ಬಲವಂತ ಮಾಡುವ ಹಾಗಿಲ್ಲ, ಮೋಟಾರು ವಾಹನ ಕಾಯ್ದೆಯ 134ಎ ಕಲಮು ಅವರಿಗೆ ರಕ್ಷಣೆ ಕೊಡುತ್ತದೆ. ಹೆದರುವವರಿಗೆ ಇದನ್ನು ಹೇಳಿ.

ಏನೂ ಆಗಿಲ್ಲ ಅನ್ನಿಸ್ತು, "ಜಾವೂ ದ್ಯಾ" ಅಂತ ಕೈ ಕುಲುಕಿ ಬಂದೆ. ಮಾರನೇ ದಿನ ಕುತ್ತಿಗೆ ತಿರುಗಿಸೋಕಾಗ್ತಿಲ್ಲ.

ಹಿಂದಿನ ಗುದ್ದಿನ ಗುಣವೇ ಅದು. ಕುತ್ತಿಗೆಯ ಸ್ನಾಯು ಎಳೆದುಕೊಂಡ ನೋವು ಎಷ್ಟೋ ಸಲ ಒಂದೆರಡು ದಿನ ಬಿಟ್ಟು ತಲೆಯೆತ್ತುತ್ತದೆ. ಡಾಕ್ಟರ್ ಹತ್ತಿರ ಹೋಗಿ, ಅಪಘಾತ ಅಂತಲೇ ಹೇಳಿ ಬರೆಸಿ. ಕೈಗೆ ಜೋಮು, ವಾಂತಿ, ಜೋರು ತಲೆನೋವು ಇದ್ದರೆ ಇವತ್ತೇ ಹೋಗಿ. ಇನ್ನು ಮುಂದೆ "ಹೋಗ್ಲಿ ಬಿಡಿ" ಅನ್ನುವ ಮೊದಲು ನಂಬರ್ ಪ್ಲೇಟಿನ ಫೋಟೋ ಒಂದು ಇಟ್ಟುಕೊಳ್ಳಿ, ಜಗಳ ಆಡಬೇಕಂತಿಲ್ಲ.

ನನಗೆ ಮರಾಠಿ ಅಷ್ಟಕ್ಕಷ್ಟೇ. ಪೊಲೀಸ್ ಚೌಕಿಯಲ್ಲಿ ಏನು ಹೇಳಲಿ?

"ಮೀ ಸಿಗ್ನಲ್‌ಲಾ ಥಾಂಬಲೋ ಹೋತೋ, ತ್ಯಾನೇ ಮಾಗೂನ್ ಧಡಕ್ ದಿಲೀ." ನಾನು ಸಿಗ್ನಲ್‌ನಲ್ಲಿ ನಿಂತಿದ್ದೆ, ಅವನು ಹಿಂದಿನಿಂದ ಗುದ್ದಿದ. ಹೆಣ್ಣುಮಕ್ಕಳು "ಥಾಂಬಲೇ ಹೋತೇ" ಅನ್ನಬೇಕು. ಎದುರಿನವನು ಬಹುಶಃ "ಅಚಾನಕ್ ಬ್ರೇಕ್ ಮಾರಲಾ" ಅನ್ನುತ್ತಾನೆ. ಥಟ್ಟನೆ ಬ್ರೇಕ್ ಹಿಡಿದ ಅಂತ. "ನಿಂತಿದ್ದೆ" ಅನ್ನುವುದಕ್ಕೂ "ನಿಲ್ಲಿಸಿದೆ" ಅನ್ನುವುದಕ್ಕೂ ಕೇಸಿನಲ್ಲಿ ಅಜಗಜಾಂತರ. ಜಬಾಬು (ನಿಮ್ಮ ಹೇಳಿಕೆ), ಪಂಚನಾಮೆ ಮರಾಠಿಯಲ್ಲಿ ಬರೆಯುತ್ತಾರೆ. ಪೂರ್ತಿ ಓದಿಸಿಕೊಂಡು, ಅರ್ಥ ಆದ ಮೇಲೆ ಸಹಿ ಹಾಕಿ. ಗೆಳೆಯರನ್ನು ಕರೆಸಿಕೊಳ್ಳಲು ಸಂಕೋಚ ಬೇಡ. ಗಾಡಿ ಕೆಎ ನಂಬರಿನದ್ದು ಅಂತ ಹೆದರಬೇಡಿ, ವಿಮೆ ದೇಶಕ್ಕೆಲ್ಲಾ ಒಂದೇ.

ಪರಿಹಾರಕ್ಕೆ ಪುಣೆ ಕೋರ್ಟಿಗೇ ಅಲೆಯಬೇಕಾ? ಅಪ್ಪ ಅಮ್ಮ ವಿಜಯಪುರದಲ್ಲಿದ್ದಾರೆ.

ಬೇಕಿಲ್ಲ. ಕಾಯ್ದೆಯ 166ನೇ ಕಲಮಿನ ಪ್ರಕಾರ ಅಪಘಾತ ಆದ ಜಾಗ, ಅರ್ಜಿದಾರ ವಾಸಿಸುವ ಜಾಗ, ಎದುರು ಪಕ್ಷದವರು ಇರುವ ಜಾಗ, ಈ ಮೂರರಲ್ಲಿ ಯಾವುದಾದರೂ ಒಂದು ಕಡೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬಹುದು. ಅಪಘಾತ ಆದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅಂತ 2022ರ ಏಪ್ರಿಲ್‌ನಿಂದ ಕಾನೂನು ಹೇಳುತ್ತದೆ. ಮುಂದೂಡಬೇಡಿ, ಬೇಗ ವಕೀಲರನ್ನು ಕಾಣಿ.

ಗುದ್ದಿದವನು ಓಡಿಹೋಗಿ ಪತ್ತೆಯೇ ಆಗದಿದ್ದರೆ ಸರ್ಕಾರದ ಯೋಜನೆಯಲ್ಲಿ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಇದೆ. 2025ರ ಮೇ ತಿಂಗಳಿನಲ್ಲಿ ಬಂದ ನಗದುರಹಿತ ಚಿಕಿತ್ಸೆ ಯೋಜನೆಯಲ್ಲಿ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ 1.5 ಲಕ್ಷದ ತನಕ ಚಿಕಿತ್ಸೆ ಸಿಗಬೇಕು. ಸೇರಿಸಿಕೊಳ್ಳುವಾಗಲೇ ಅದರ ಹೆಸರೆತ್ತಿ ಕೇಳಿ.

## ವಾದ ಮಾಡುವವರಿಗೆ

ಹಿಂದಿನಿಂದ ಗುದ್ದಿದವನದೇ ತಪ್ಪು ತಾನೇ? ಯಾವಾಗಲೂ?

ಸಾಮಾನ್ಯವಾಗಿ ಹೌದು. ಮುಂದಿನ ಗಾಡಿ ಥಟ್ಟನೆ ನಿಂತರೂ ಗುದ್ದದಷ್ಟು ದೂರ ಇಡಬೇಕಾದ್ದು ಹಿಂದಿನವನ ಕರ್ತವ್ಯ. "ಯಾವಾಗಲೂ" ಅನ್ನುವುದು ಮಾತ್ರ ಸರಿಯಲ್ಲ. 2017ರಲ್ಲಿ ಕೊಯಮತ್ತೂರಿನಲ್ಲಿ ಹೈವೇ ನಡುವೆ ಒಂದು ಕಾರು ಸೂಚನೆ ಕೊಡದೆ ನಿಂತಿತು. ಬೈಕಿನಲ್ಲಿದ್ದ ವಿದ್ಯಾರ್ಥಿ ಅದಕ್ಕೆ ಹಿಂದಿನಿಂದ ಗುದ್ದಿ ಬಿದ್ದ, ಬಸ್ಸು ಅವನ ಮೇಲೆ ಹರಿಯಿತು, ಕಾಲು ಹೋಯಿತು. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತಪ್ಪನ್ನು ಹೀಗೆ ಹಂಚಿತು: ಕಾರಿನವರಿಗೆ ಶೇಕಡಾ 50, ಬಸ್ಸಿಗೆ 30, ಬೈಕಿನವನಿಗೆ 20. ಹೈವೇಯಲ್ಲಿ ಸೂಚನೆ ಇಲ್ಲದೆ ಥಟ್ಟನೆ ನಿಲ್ಲಿಸುವುದು ನಿರ್ಲಕ್ಷ್ಯ ಅಂತ ಹೇಳಿತು. ಕೆಂಪು ದೀಪಕ್ಕೆ ನಿಂತದ್ದು ಬೇರೆ, ಫೋನ್ ಬಂತು ಅಂತ ಲೇನಿನ ನಡುವೆ ನಿಂತದ್ದು ಬೇರೆ.

ಸಂದಿಯಲ್ಲಿ ತೂರಿ ಮುಂದೆ ಹೋಗೋದು ಅಪಾಯ ಅಂತ ಎಲ್ಲರೂ ಹೇಳ್ತಾರೆ, ನೀವು ತೂರಿ ಅಂತೀರಾ!

ಎಲ್ಲಾ ತೂರುವಿಕೆ ಒಂದೇ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಾಲುಗಳ ನಡುವೆ ಬೈಕು ಓಡಿಸುವ ರೂಢಿ ಹಳೆಯದು, 2016ರಲ್ಲಿ ಅದಕ್ಕೆ ಕಾನೂನಿನ ಹೆಸರೂ ಬಂತು. ಅದಕ್ಕೆ ಮೊದಲು ಬರ್ಕ್ಲಿ ವಿಶ್ವವಿದ್ಯಾಲಯದವರು ಸುಮಾರು 6,000 ಬೈಕ್ ಅಪಘಾತ ನೋಡಿ 2015ರಲ್ಲಿ ವರದಿ ಕೊಟ್ಟಿದ್ದರು. ಅಪಘಾತಕ್ಕೆ ಸಿಕ್ಕವರಲ್ಲಿ ಸಾಲಿನ ನಡುವೆ ಹೋಗುತ್ತಿದ್ದವರ ಪೈಕಿ ಹಿಂದಿನಿಂದ ಗುದ್ದಿಸಿಕೊಂಡವರು ಶೇಕಡಾ 2.6, ಉಳಿದವರ ಪೈಕಿ 4.6. ಆದರೆ ಸುತ್ತಲಿನ ಗಾಡಿಗಳಿಗಿಂತ ಗಂಟೆಗೆ 24 ಕಿಲೋಮೀಟರಿಗಿಂತ ಜೋರಾಗಿ ತೂರಿದವರಿಗೆ ಗಾಯ ಜಾಸ್ತಿ ಆಗಿತ್ತು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿ 2014ರಿಂದ, ಅಮೆರಿಕದ ಯೂಟಾದಲ್ಲಿ 2019ರಿಂದ ನಿಧಾನವಾಗಿ ಮುಂದೆ ಹೋಗಲು ಅನುಮತಿ ಇದೆ.

ಇದನ್ನು ಇಲ್ಲಿಗೆ ಹಾಗೇ ತಂದು ಕೂರಿಸಬೇಡಿ. ಅಲ್ಲಿ ಎರಡು ಲೇನಿನ ನಡುವೆ ಗೆರೆ ಇದೆ, ಗಾಡಿಗಳು ಗೆರೆ ಬಿಟ್ಟು ನಿಲ್ಲುತ್ತವೆ. ಇಲ್ಲಿ ಸಂದಿಯಲ್ಲಿ ರಿಕ್ಷಾದ ಚಕ್ರ, ಬಾಗಿಲು ತೆರೆದು ಉಗುಳುವವನ ತಲೆ, ರಸ್ತೆ ದಾಟುವ ಅಜ್ಜಿ ಎಲ್ಲಾ ಇರುತ್ತಾರೆ. ನಮ್ಮ ಕಾನೂನಿನಲ್ಲಿ ಲೇನ್ ಶಿಸ್ತಿನ ಮಾತಿದೆ, ಬೈಕಿನವರಿಗೆ ಅಂತಲೇ ಇಂಥ ವಿನಾಯಿತಿ ಇಲ್ಲ. ನಾನು ಮಾಡುವುದು ಇಷ್ಟೇ: ಗಾಡಿಗಳು ಪೂರ್ತಿ ನಿಂತಿರುವಾಗ, ನಡಿಗೆಗಿಂತ ಸ್ವಲ್ಪ ಜೋರಿನಲ್ಲಿ, ಎರಡು ಕಾರಿನ ನಡುವೆ ಮಾತ್ರ. ಗಡಿಯಾರ ಹತ್ತು ಸೆಕೆಂಡಿಗಿಂತ ಕೆಳಗಿಳಿದಿದ್ದರೆ ಇದ್ದಲ್ಲೇ ಇರುತ್ತೇನೆ. ಬಸ್ಸು ಇದ್ದರೆ ಹೋಗುವುದೇ ಇಲ್ಲ, ಬಸ್ಸಿನ ಹಿಂದೆ ಮೂಲೆಗೆ ನಿಂತು ಕನ್ನಡಿ ನೋಡುತ್ತೇನೆ.